ಪ್ಲಾಜಾ ದೆ ಮುಲಾಸ್‌ನಲ್ಲಿ ಕಾಯುವುದೇ ಕೆಲಸ

ಅಕೊಂಕಾಗುವಾ ಬೆಟ್ಟ ಹತ್ತಲು ಹೋಗುತ್ತಿದ್ದೇನೆ ಎಂದಾಗ ಬಂದ ಪ್ರಶ್ನೆಗಳೆಲ್ಲ ಒಂದೇ ಥರ ಇದ್ದವು. ದಿನಾ ಎಷ್ಟು ಕಿಲೋಮೀಟರ್ ಓಡ್ತೀಯ? ಬೆನ್ನ ಮೇಲೆ ಎಷ್ಟು ಕೆ.ಜಿ. ಹೊರ್ತೀಯ? ಜಿಮ್‌ಗೆ ಹೋಗ್ತೀಯಾ? ಒಂದೇ ಜಾಗದಲ್ಲಿ ಸುಮ್ನೆ ಎಷ್ಟು ಹೊತ್ತು ಕೂತಿರಬಲ್ಲೆ ಎಂದು ಯಾರೂ ಕೇಳಲಿಲ್ಲ. ಇಲ್ಲಿಗೆ ಬಂದ ಮೇಲೆ ಗೊತ್ತಾಗಿದೆ, ಮೊದಲು ಕೇಳಬೇಕಾಗಿದ್ದ ಪ್ರಶ್ನೆ ಅದೇ.

ಇದನ್ನು ಪ್ಲಾಜಾ ದೆ ಮುಲಾಸ್‌ನಿಂದ ಬರೆಯುತ್ತಿದ್ದೇನೆ. ಅರ್ಜೆಂಟೀನಾದ ಮೆಂಡೋಸಾ ಪ್ರಾಂತ್ಯದಲ್ಲಿ, ಸುಮಾರು 4,300 ಮೀಟರ್ ಎತ್ತರದಲ್ಲಿರುವ ಬೇಸ್ ಕ್ಯಾಂಪ್ ಇದು. ಬೆಟ್ಟದ ತುದಿ 6,961 ಮೀಟರ್. ಏಷ್ಯಾ ಬಿಟ್ಟರೆ ಜಗತ್ತಿನಲ್ಲಿ ಇದಕ್ಕಿಂತ ಎತ್ತರದ ಬೆಟ್ಟ ಇಲ್ಲ. ಜೊತೆಗೆ ನನ್ನ ತಮ್ಮ ಬಂದಿದ್ದಾನೆ. ಮೇಲೆ ಗಾಳಿ ಜೋರಾಗಿದೆ. ಅದು ಇಳಿಯುವವರೆಗೆ ನಮ್ಮ ಬಿಡಾರ ಇಲ್ಲೇ.

ನಾನು ಹೊಟ್ಟೆಪಾಡಿಗೆ ಮಾಡುವುದು ಕಂಪ್ರೆಸರ್‌ಗಳ ಕೆಲಸ. ಗಾಳಿಯ ಒತ್ತಡ ಅಳೆಯುವುದು, ಎಲ್ಲಿ ಸೋರುತ್ತಿದೆ ಎಂದು ಹುಡುಕುವುದು. ಹಾಗಾಗಿ ಎತ್ತರದ ಬಗ್ಗೆ ಓದಲು ಕೂತಾಗ ನನಗೆ ಮೊದಲು ಬೇಕಾಗಿದ್ದು ಒತ್ತಡದ ಲೆಕ್ಕ. ಮೇಲೆ ಹೋದಂತೆ ಗಾಳಿಯಲ್ಲಿ ಆಮ್ಲಜನಕದ ಪಾಲು ಕಡಿಮೆಯಾಗುತ್ತದೆ ಎಂದು ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಸಮುದ್ರದ ದಡದಲ್ಲೂ ಅದು ಶೇ 21, ಅಕೊಂಕಾಗುವಾ ತುದಿಯಲ್ಲೂ ಶೇ 21. ಕುಸಿಯುವುದು ಒಟ್ಟು ಒತ್ತಡ. ಸಮುದ್ರಮಟ್ಟದಲ್ಲಿ 760 ಮಿಲಿಮೀಟರ್ ಪಾದರಸದಷ್ಟಿರುವ ಒತ್ತಡ ಈ ಬೇಸ್ ಕ್ಯಾಂಪಿನಲ್ಲಿ ಅದರ ಶೇ 60ರ ಆಸುಪಾಸಿಗೆ ಬಂದಿರುತ್ತದೆ. ತುದಿಯಲ್ಲಿ ಅರ್ಧಕ್ಕಿಂತಲೂ ಕಡಿಮೆ, ಸುಮಾರು 320.

ಇದರೊಳಗೆ ಇನ್ನೊಂದು ಲೆಕ್ಕ ಇದೆ. ಅದನ್ನು ಓದಿದ ದಿನ ನನಗೆ ನಿಜವಾಗಿ ಭಯವಾಯಿತು. ನಾವು ಒಳಗೆ ಎಳೆದುಕೊಂಡ ಗಾಳಿಯನ್ನು ದೇಹ ಬೆಚ್ಚಗೆ ಮಾಡಿ, ತೇವ ಮಾಡಿ ಶ್ವಾಸಕೋಶಕ್ಕೆ ಕಳಿಸುತ್ತದೆ. ಆ ನೀರಾವಿಯ ಒತ್ತಡ 47 ಮಿಲಿಮೀಟರ್. ಇದು ದೇಹದ ಬಿಸಿಗೆ ಸೇರಿದ ಅಂಕಿ, ಎತ್ತರಕ್ಕೂ ಇದಕ್ಕೂ ಸಂಬಂಧ ಇಲ್ಲ. ಕೆಳಗೆ 760ರಲ್ಲಿ 47 ಹೋದರೆ ನಷ್ಟ ಗೊತ್ತೇ ಆಗುವುದಿಲ್ಲ. ಮೇಲೆ ಇರುವ 320ರಲ್ಲೂ ಅದೇ 47 ಹೋಗುತ್ತದೆ. ಉಳಿದದ್ದರಲ್ಲಿ ಶೇ 21 ಮಾತ್ರ ಆಮ್ಲಜನಕ. ಕಳೆದು ಗುಣಿಸಿ ನೋಡಿ: ಕೆಳಗೆ 150ರಷ್ಟು, ಮೇಲೆ 57ರಷ್ಟು. ಮೂರನೇ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಅಷ್ಟರಲ್ಲೇ ಕಾಲೆತ್ತಿ ಇಡಬೇಕು, ಯೋಚನೆ ಮಾಡಬೇಕು, ಮತ್ತೆ ಕೆಳಗೆ ಇಳಿದು ಬರಬೇಕು.

ಈ ಕೊರತೆಯನ್ನು ತೊಡೆಯ ಬಲ ತುಂಬಿಕೊಡುವುದಿಲ್ಲ. ದೇಹ ಬೇರೆ ದಾರಿ ಹಿಡಿಯುತ್ತದೆ. ಮೊದಲು ಉಸಿರು ಜೋರಾಗುತ್ತದೆ. ಜೋರಾಗಿ ಉಸಿರಾಡಿದರೆ ಇಂಗಾಲದ ಡೈಆಕ್ಸೈಡ್ ಜಾಸ್ತಿ ಹೊರಗೆ ಹೋಗಿ ರಕ್ತ ಕ್ಷಾರದ ಕಡೆಗೆ ವಾಲುತ್ತದೆ. ಆಗ ಮಿದುಳು ಗಾಬರಿಯಾಗಿ, ಉಸಿರು ಸಾಕು, ನಿಧಾನ ಮಾಡು ಅನ್ನುತ್ತದೆ. ಒಂದು ಕಡೆ ಗಾಳಿ ಬೇಕು, ಇನ್ನೊಂದು ಕಡೆ ಬ್ರೇಕು. ಈ ಜಗಳ ಬಿಡಿಸುವುದು ಮೂತ್ರಪಿಂಡಗಳು. ಅವು ಬೈಕಾರ್ಬನೇಟ್ ಎನ್ನುವ ಕ್ಷಾರವನ್ನು ಹೊರಗೆ ಹಾಕಿ ರಕ್ತವನ್ನು ಮತ್ತೆ ಸರಿದೂಗಿಸುತ್ತವೆ. ಅದಕ್ಕೆ ದಿನಗಳೇ ಬೇಕು. ಎತ್ತರದಲ್ಲಿ ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುವುದೂ ಇದೇ ಕಾರಣಕ್ಕೆ. ರಾತ್ರಿ ಟೆಂಟಿನಲ್ಲಿ ಅದಕ್ಕೆಂದೇ ಒಂದು ಬಾಟಲಿ ಇಟ್ಟುಕೊಳ್ಳುತ್ತೇವೆ. ಹೆಂಗಸರಿಗೆ ಫನಲ್ ಸಿಗುತ್ತದೆ, ಅದರ ಬಳಕೆ ಮನೆಯಲ್ಲೇ ರೂಢಿ ಮಾಡಿಕೊಂಡು ಬನ್ನಿ. ನಾಚಿಕೆ ಪಡುವ ವಿಷಯ ಅಲ್ಲ. ಮೈ ಕೊರೆಯುವ ಚಳಿಯಲ್ಲಿ ಹೊರಗೆ ಹೋಗಬೇಕಲ್ಲ ಎಂದು ನೀರು ಕುಡಿಯುವುದನ್ನೇ ಕಡಿಮೆ ಮಾಡುವವರಿದ್ದಾರೆ. ಅದು ತುಂಬಾ ಕೆಟ್ಟದ್ದು.

ಕೆಂಪು ರಕ್ತಕಣಗಳು ಹೆಚ್ಚಾಗುವುದಕ್ಕಂತೂ ವಾರಗಳು ಬೇಕು. ಹೊಸ ತಾರಸಿ ಹಾಕಿದ ಮೇಲೆ ನೀರು ಕಟ್ಟಿ ಬಿಡುತ್ತಾರಲ್ಲ, ಇದೂ ಹಾಗೇ. ಎಷ್ಟು ಆಳು ನಿಲ್ಲಿಸಿದರೂ ಅದು ತನ್ನ ಹೊತ್ತಿಗೇ ಗಟ್ಟಿಯಾಗುವುದು.

ಹಾಗಂತ ತಯಾರಿ ಬೇಡ ಅಂತಲ್ಲ. ನಾವಿಬ್ಬರೂ ತಿಂಗಳುಗಟ್ಟಲೆ ನೀರಿನ ಬಾಟಲಿ ತುಂಬಿದ ಬ್ಯಾಗ್ ಹೊತ್ತು ಮೆಟ್ಟಿಲು ಹತ್ತಿದ್ದೇವೆ. ಇಳಿಯುವುದನ್ನೂ ಅಷ್ಟೇ ಅಭ್ಯಾಸ ಮಾಡಿದ್ದೇವೆ, ಮಂಡಿ ಸೋಲುವುದು ಇಳಿಯುವಾಗ. ಮಾತಾಡುತ್ತಾ ನಡೆಯಬಹುದಾದ ವೇಗದಲ್ಲಿ ಗಂಟೆಗಟ್ಟಲೆ ನಡೆದಿದ್ದೇವೆ. ಇದರಿಂದ ದಣಿವು ಕಡಿಮೆಯಾಗುತ್ತದೆ. ಎತ್ತರದ ಕಾಯಿಲೆ ಬರುವುದು ಮಾತ್ರ ಇದರಿಂದ ತಪ್ಪುವುದಿಲ್ಲ.

ಅದಕ್ಕೆ ನನ್ನ ತಮ್ಮನೇ ಸಾಕ್ಷಿ. ಅವನು ಮ್ಯಾರಥಾನ್ ಓಡುವವನು. ಮೆಟ್ಟಿಲು ಹತ್ತುವಾಗ ಯಾವತ್ತೂ ನನಗಿಂತ ಮುಂದೆ. ಮೆಂಡೋಸಾದಲ್ಲಿ ಪರ್ಮಿಟ್ ಕೆಲಸ, ಬಾಡಿಗೆ ಬೂಟು, ಗೈಡ್ ಮಾಡಿದ ಸಾಮಾನಿನ ತಪಾಸಣೆ ಎಲ್ಲ ಮುಗಿಸಿ, ಪೆನಿತೆಂತೆಸ್‌ನಲ್ಲಿ ಸುಮಾರು 2,600 ಮೀಟರ್‌ನಲ್ಲಿ ಮಲಗಿ, ಪಾರ್ಕಿನ ಓರ್ಕೋನೆಸ್ ಗೇಟಿನಿಂದ ನಡೆಯಲು ಶುರು ಮಾಡಿದೆವು. ಗೇಟಿನಲ್ಲಿ ನಂಬರ್ ಹಾಕಿದ ಕಸದ ಚೀಲ ಕೊಡುತ್ತಾರೆ, ವಾಪಸ್ ಬರುವಾಗ ಅದನ್ನು ತೋರಿಸಬೇಕು. ತೋರಿಸದಿದ್ದರೆ ದಂಡ. ಒಳ್ಳೆಯ ನಿಯಮ. ಕೊನ್‌ಫ್ಲುಯೆನ್ಸಿಯಾ ಕ್ಯಾಂಪ್ ಸುಮಾರು 3,400 ಮೀಟರ್. ದಾರಿ ಕಷ್ಟದ್ದಲ್ಲ. ಸಂಜೆ ಸೂಪ್ ಕುಡಿಯುತ್ತಾ ಕೂತಿದ್ದೆವು.

"ಅಕ್ಕ, ನಿಂಗೆ ತಲೆನೋವು ಇಲ್ವಾ?"

"ಇಲ್ಲ ಕಣೋ. ಯಾಕೆ?"

"ಹಣೆ ಸಿಡೀತಾ ಇದೆ. ಊಟ ಬೇಡ ಅನ್ನಿಸ್ತಿದೆ."

ಇದೇ ಮೊದಲ ಹಂತ. ತಲೆನೋವು, ಅದರ ಜೊತೆ ಹಸಿವಿಲ್ಲದಿರುವುದು, ವಾಕರಿಕೆ, ಸುಸ್ತು, ತಲೆ ಸುತ್ತು. ಇಲ್ಲಿನವರು ಇದಕ್ಕೆ ಪುನಾ ಎನ್ನುತ್ತಾರೆ. ಕ್ಯಾಂಪಿನಲ್ಲಿ ಪಾರ್ಕಿನ ಡಾಕ್ಟರ್ ಇರುತ್ತಾರೆ, ಅವರಿಗೆ ತೋರಿಸದೆ ಮುಂದೆ ಹೋಗುವ ಹಾಗಿಲ್ಲ. ಬೆರಳಿಗೆ ಆಕ್ಸಿಮೀಟರ್ ಹಾಕಿ, ಬಿಪಿ ನೋಡಿ, ಶ್ವಾಸಕೋಶದ ಸದ್ದು ಕೇಳಿದರು. ತಮ್ಮ ತನ್ನ ಓಟದ ಬಗ್ಗೆ ಹೇಳಿದ. ಡಾಕ್ಟರ್ ತಲೆ ಅಲ್ಲಾಡಿಸಿ, ಓಟಕ್ಕೂ ಇದಕ್ಕೂ ಸಂಬಂಧ ಇಲ್ಲ, ನಿನ್ನಂಥವರು ಬೇಗ ನಡೆದುಬಿಡುತ್ತೀರಿ, ಅದೇ ತೊಂದರೆ ಎಂದರು. ಅವನ ಮುಖ ಸಣ್ಣಗಾಯಿತು. ಅವನು ಇಷ್ಟು ವರ್ಷ ಕಷ್ಟಪಟ್ಟು ಗಳಿಸಿದ ಶಕ್ತಿ ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ ಎಂದು ಕೇಳುವುದು ಸುಲಭ ಅಲ್ಲ. ನನಗೂ ಬೇಜಾರಾಯಿತು.

3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ಒಂದು ರಾತ್ರಿಗೆ 500 ಮೀಟರ್‌ಗಿಂತ ಜಾಸ್ತಿ ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಅಲ್ಲೇ ಉಳಿಯಬೇಕು ಎನ್ನುವುದು ಸಾಮಾನ್ಯ ನಿಯಮ. ಹಗಲು ಎಷ್ಟು ಮೇಲೆ ಹೋದೆವು ಎನ್ನುವುದಕ್ಕಿಂತ ರಾತ್ರಿ ಎಲ್ಲಿ ಮಲಗಿದೆವು ಎನ್ನುವುದು ಮುಖ್ಯ. ಆದರೆ ಓರ್ಕೋನೆಸ್ ಕಣಿವೆ ಈ ನಿಯಮ ಪಾಲಿಸಲು ಬಿಡುವುದಿಲ್ಲ. ಕೊನ್‌ಫ್ಲುಯೆನ್ಸಿಯಾದಿಂದ ಪ್ಲಾಜಾ ದೆ ಮುಲಾಸ್‌ಗೆ ಒಂದೇ ದಿನದಲ್ಲಿ ಸುಮಾರು 900 ಮೀಟರ್ ಏರಬೇಕು, ನಡುವೆ ಇಳಿದುಕೊಳ್ಳುವ ಕ್ಯಾಂಪಿಲ್ಲ. ಹಾಗಾಗಿ ಈ ಸಾಲವನ್ನು ಮೊದಲೇ ಸ್ವಲ್ಪ, ಆಮೇಲೆ ಸ್ವಲ್ಪ ತೀರಿಸಬೇಕು. ಅಂದರೆ ಕೊನ್‌ಫ್ಲುಯೆನ್ಸಿಯಾದಲ್ಲಿ ಒಂದು ರಾತ್ರಿ ಹೆಚ್ಚು ಉಳಿಯುವುದು, ಮುಲಾಸ್ ತಲುಪಿದ ಮೇಲೆ ಏನೂ ಮಾಡದೆ ಕೂರುವುದು. ವೇಳಾಪಟ್ಟಿಯಲ್ಲಿ ಈ ದಿನಗಳನ್ನು ಕತ್ತರಿಸಿ ಕಡಿಮೆ ದಿನದಲ್ಲಿ ಮುಗಿಸುತ್ತೇವೆ ಎನ್ನುವ ಪ್ಯಾಕೇಜುಗಳೂ ಸಿಗುತ್ತವೆ. ದಯವಿಟ್ಟು ಅಂಥದ್ದನ್ನು ತೆಗೆದುಕೊಳ್ಳಬೇಡಿ. ಉಳಿಸಿದ ರಜಾ ದಿನಗಳ ಬೆಲೆ ಬೆಟ್ಟದ ಮೇಲೆ ತೆರಬೇಕಾಗುತ್ತದೆ.

ಕೊನ್‌ಫ್ಲುಯೆನ್ಸಿಯಾದಲ್ಲಿ ಹಾಗೆ ಹೆಚ್ಚು ಉಳಿದ ದಿನ ಪ್ಲಾಜಾ ಫ್ರಾನ್ಸಿಯಾ ಕಡೆಗೆ ನಡೆದೆವು, 4,000 ಮೀಟರ್ ದಾಟಿ. ತಮ್ಮನ ತಲೆನೋವು ಅಷ್ಟರಲ್ಲಿ ಇಳಿದಿತ್ತು. ಅಲ್ಲಿಂದ ಅಕೊಂಕಾಗುವಾದ ದಕ್ಷಿಣದ ಗೋಡೆ ಪೂರ್ತಿ ಕಾಣಿಸುತ್ತದೆ. ಮೂರು ಸಾವಿರ ಮೀಟರ್‌ನಷ್ಟು ಹಿಮ ಮತ್ತು ಬಂಡೆ. 1954ರಲ್ಲಿ ಫ್ರಾನ್ಸಿನ ತಂಡವೊಂದು ಅದನ್ನು ಮೊದಲ ಸಲ ಹತ್ತಿತು. ಹಿಮ ಕಚ್ಚಿ ಅವರಲ್ಲಿ ಹಲವರು ಬೆರಳು ಕಳೆದುಕೊಂಡರು. ನಾವು ಹೋಗುತ್ತಿರುವ ದಾರಿ ಇನ್ನೊಂದು ಬದಿಯದು, ಹಗ್ಗ ಕಟ್ಟುವಂಥದ್ದಲ್ಲ, ಕಲ್ಲು ಪುಡಿಯ ಮೇಲೆ ನಡೆಯುವ ದಾರಿ. ಅದಕ್ಕೇ ಜನ ಇದನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ.

ಮುಲಾಸ್‌ಗೆ ಬರುವ ದಿನ ನಮ್ಮ ದೊಡ್ಡ ಬ್ಯಾಗುಗಳು ಹೇಸರಗತ್ತೆಗಳ ಮೇಲೆ ಬಂದವು. ಪ್ಲಾಯಾ ಆಂಚಾ ಎನ್ನುವ ಕಲ್ಲಿನ ಬಯಲು ಮುಗಿಯುವುದೇ ಇಲ್ಲ. ಬಿಸಿಲು, ಒಣ ಗಾಳಿ, ಧೂಳು. ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಮೂಗಿನಲ್ಲೇ ಉಸಿರಾಡುವುದು ಒಳ್ಳೆಯದು, ಇಲ್ಲದಿದ್ದರೆ ಗಂಟಲು ಒಡೆದು ಕೆಮ್ಮು ಹಿಡಿಯುತ್ತದೆ. ಕೊನೆಯಲ್ಲಿ ಕುವೆಸ್ತಾ ಬ್ರಾವಾ ಎನ್ನುವ ಕಡಿದಾದ ಏರು. ಅಲ್ಲಿ ನಮ್ಮ ಗೈಡ್ ಎಷ್ಟು ನಿಧಾನವಾಗಿ ಹೆಜ್ಜೆ ಹಾಕಿದರೆಂದರೆ, ತಮ್ಮ ಎರಡು ಸಲ ಅವರ ಹಿಮ್ಮಡಿಗೆ ಕಾಲು ತಾಗಿಸಿದ. ಅವರು ತಿರುಗಿಯೂ ನೋಡಲಿಲ್ಲ, ವೇಗವನ್ನೂ ಹೆಚ್ಚಿಸಲಿಲ್ಲ. ಅವತ್ತಿನಿಂದ ನನಗೆ ಅವರ ಮೇಲೆ ಪೂರ್ತಿ ನಂಬಿಕೆ.

ಇಲ್ಲಿನ ಡಾಕ್ಟರ್ ಟೆಂಟಿನಲ್ಲಿ ನನ್ನ ರಕ್ತದ ಆಕ್ಸಿಜನ್ ಶೇ 86, ತಮ್ಮನದು ಶೇ 79 ಬಂತು. ಅವನ ಬಿಪಿಯೂ ಏರಿತ್ತು. ಉಪ್ಪು ಕಡಿಮೆ ಮಾಡು, ನೀರು ಕುಡಿ, ಎಲ್ಲೂ ಹೋಗಬೇಡ, ಆಮೇಲೆ ಮತ್ತೆ ನೋಡೋಣ ಎಂದರು. ಆಕ್ಸಿಮೀಟರ್ ಬಗ್ಗೆ ಒಂದು ಮಾತು. ಟೆಂಟುಗಳಲ್ಲಿ ಎಲ್ಲರೂ ತಮ್ಮ ನಂಬರನ್ನು ಪಕ್ಕದವರ ನಂಬರಿಗೆ ಹೋಲಿಸುತ್ತಾರೆ. ಅದರಿಂದ ಪ್ರಯೋಜನ ಇಲ್ಲ. ಬೆರಳು ತಣ್ಣಗಿದ್ದರೂ ನಂಬರ್ ಕೆಳಗೆ ಬರುತ್ತದೆ. ಗೇಜ್ ಒಂದು ಸಲ ತೋರಿಸಿದ್ದನ್ನು ನಂಬಿ ಯಾರೂ ಮಷೀನ್ ನಿಲ್ಲಿಸುವುದಿಲ್ಲ, ಅದು ಯಾವ ಕಡೆ ಹೋಗುತ್ತಿದೆ ಎಂದು ನೋಡುತ್ತೇವೆ. ನಾನೂ ಅದನ್ನೇ ಮಾಡುತ್ತಿದ್ದೇನೆ. ಬೆಳಗ್ಗೆ ಎದ್ದ ತಕ್ಷಣ, ಕೈ ಬೆಚ್ಚಗಿರುವಾಗ, ಕೂತುಕೊಂಡೇ ನೋಡಿ ಬರೆದುಕೊಳ್ಳುತ್ತೇನೆ. ತಮ್ಮನ ನಂಬರ್ ದಿನದಿಂದ ದಿನಕ್ಕೆ ಮೇಲೆ ಬಂದಿದೆ, ನಾಡಿ ನಿಧಾನವಾಗಿದೆ. ಈ ಸಣ್ಣ ಏರಿಕೆ ನೋಡುವಾಗ ಆಗುವ ಖುಷಿ ಹೇಳಲಾರೆ. ಆ ದಿನಗಳಲ್ಲಿ ಅವನು ಏನೂ ಮಾಡುತ್ತಿರಲಿಲ್ಲ, ಸುಮ್ನೆ ಮಲಗಿದ್ದ, ದೇಹ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು.

ಹೆದರಿದ್ದು ಮೊದಲ ರಾತ್ರಿ. ನನಗೆ ಎಚ್ಚರವಾದಾಗ ತಮ್ಮನ ಉಸಿರು ನಿಂತಿತ್ತು. ಎಣಿಸಿದೆ. ಎಂಟು, ಒಂಬತ್ತು, ಹತ್ತು. ಆಮೇಲೆ ದೊಡ್ಡದಾಗಿ ಒಂದು ಉಸಿರು ಎಳೆದ, ಹಿಂದೆಯೇ ಜೋರಾದ ನಾಲ್ಕಾರು ಉಸಿರು, ಮತ್ತೆ ಸದ್ದಿಲ್ಲ. ಇದರ ಬಗ್ಗೆ ಓದಿದ್ದೆ. ಆದರೂ ಕೈ ನಡುಗಿತು. ನಿದ್ದೆಯಲ್ಲಿ ಉಸಿರು ನಡೆಸುವುದು ಇಂಗಾಲದ ಡೈಆಕ್ಸೈಡ್. ಅದು ತೀರಾ ಕಡಿಮೆಯಾದಾಗ ಮಿದುಳು ಉಸಿರಾಡು ಎಂದು ಹೇಳುವುದನ್ನೇ ನಿಲ್ಲಿಸುತ್ತದೆ. ಅದು ಮತ್ತೆ ತುಂಬಿಕೊಂಡು, ಆಮ್ಲಜನಕ ಇಳಿದಾಗ ಒಮ್ಮೆಲೇ ಜೋರಾಗಿ ಎಳೆಸುತ್ತದೆ. ಎತ್ತರದಲ್ಲಿ ಇದು ಎಲ್ಲರಿಗೂ ಸಾಮಾನ್ಯ. ಟೆಂಟಿನಲ್ಲಿ ಜೊತೆಗೆ ಮಲಗುವವರಿಗೆ ಈ ವಿಷಯ ಮೊದಲೇ ಹೇಳಿಟ್ಟಿರಿ.

ಡಾಕ್ಟರ್ ಹೇಳಿದ ಮೇಲೆ ತಮ್ಮ ಡಯಾಮಾಕ್ಸ್ ಮಾತ್ರೆ ಶುರು ಮಾಡಿದ, ದಿನಕ್ಕೆ ಎರಡು ಸಲ 125 ಮಿಲಿಗ್ರಾಂ. ಇದು ತಲೆನೋವಿನ ಮಾತ್ರೆ ಅಲ್ಲ. ಮೂತ್ರಪಿಂಡಗಳು ಹೇಗೂ ಮಾಡಬೇಕಾದ ಆ ಬೈಕಾರ್ಬನೇಟ್ ಕೆಲಸವನ್ನು ಇದು ಬೇಗ ಮಾಡಿಸುತ್ತದೆ, ರಾತ್ರಿಯ ಉಸಿರಾಟವೂ ಸಮ ಆಗುತ್ತದೆ. ಬೆರಳ ತುದಿ ಜುಮ್ಮೆನ್ನುತ್ತದೆ. ಸೋಡಾ ಇರುವ ಪಾನೀಯಗಳ ರುಚಿ ಕೆಡುತ್ತದೆ; ಕ್ಯಾಂಪಿನಲ್ಲಿ ಕೊಂಡ ಕೋಲಾ ಕುಡಿದು, ಇದ್ರಲ್ಲಿ ಗ್ಯಾಸೇ ಇಲ್ಲ ಎಂದ. ಸಲ್ಫಾ ಔಷಧಿಗಳಿಂದ ಅಲರ್ಜಿ ಆದವರು ಡಾಕ್ಟರಿಗೆ ಹೇಳಲೇಬೇಕು. ಹೊರಡುವ ಮೊದಲೇ ಮನೆಯಲ್ಲಿ, ಡಾಕ್ಟರ್ ಸಲಹೆ ಮೇಲೆ, ಒಮ್ಮೆ ತೆಗೆದುಕೊಂಡು ನೋಡುವುದು ಒಳ್ಳೆಯದು.

ಮಾತ್ರೆ ನುಂಗಿ ಮೇಲೆ ಹೋಗಬಾರದ ಸ್ಥಿತಿಗಳು ಎರಡು. ಒಂದು, ನಡೆಯುವಾಗ ತೂರಾಡುವುದು, ಮಾತು ತೊದಲುವುದು, ಗೊಂದಲ. ಅದು ಮಿದುಳಿನ ಊತ. ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ಗೆರೆಯ ಮೇಲೆ ನಡೆಸಿ ನೋಡಿದರೆ ಗೊತ್ತಾಗುತ್ತದೆ. ಇನ್ನೊಂದು, ಸುಮ್ನೆ ಕೂತಾಗಲೂ ಏದುಸಿರು, ಬಿಡದ ಕೆಮ್ಮು, ಆಮೇಲೆ ನಸುಗೆಂಪು ನೊರೆ ಕಫ. ಅದು ಶ್ವಾಸಕೋಶದಲ್ಲಿ ನೀರು ತುಂಬುವುದು. ಎರಡಕ್ಕೂ ಮದ್ದು ಕೆಳಗೆ ಇಳಿಯುವುದು. ಆಕ್ಸಿಜನ್, ಡೆಕ್ಸಾಮೆಥಾಸೋನ್ ಮತ್ತು ನಿಫೆಡಿಪಿನ್ ಔಷಧಿ ಎಲ್ಲ ಇಳಿಯುವವರೆಗೆ ಜೀವ ಹಿಡಿದಿಡಲು. ಬೆಳಗಾಗಲಿ ನೋಡೋಣ ಅನ್ನುವ ಮಾತೇ ಇಲ್ಲ. ರಾತ್ರಿಯಾದರೆ ರಾತ್ರಿಯೇ ಇಳಿಯಬೇಕು.

ಕಾಯುವ ಹೊತ್ತಿನಲ್ಲಿ ನನಗೆ ಪದೇ ಪದೇ ನೆನಪಾಗುವುದು ಎಡ್ವರ್ಡ್ ಫಿಟ್ಜ್‌ಜೆರಾಲ್ಡ್. ಈ ಬೆಟ್ಟವನ್ನು ಮೊದಲು ಹತ್ತಿದ ತಂಡದ ನಾಯಕ ಅವರು. ಹಣ, ಯೋಜನೆ, ಹಟ ಎಲ್ಲ ಅವರದು. ಎತ್ತರದ ಕಾಯಿಲೆ ಅವರನ್ನು ಮತ್ತೆ ಮತ್ತೆ ಹಿಂದಕ್ಕೆ ಕಳಿಸಿತು. ಕೊನೆಗೆ 1897ರ ಜನವರಿ 14ರಂದು ಅವರ ಗೈಡ್, ಸ್ವಿಟ್ಜರ್ಲೆಂಡಿನ ಮಥಿಯಾಸ್ ಜುರ್‌ಬ್ರಿಗ್ಗನ್, ಒಬ್ಬರೇ ತುದಿ ಮುಟ್ಟಿದರು. ಫಿಟ್ಜ್‌ಜೆರಾಲ್ಡ್ ಅಲ್ಲಿಗೆ ತಲುಪಲೇ ಇಲ್ಲ. ಅವರನ್ನು ಸೋತವರು ಎಂದು ಬರೆಯುವುದು ನನಗೆ ಇಷ್ಟ ಆಗುವುದಿಲ್ಲ. ದೇಹ ಬೇಡ ಎಂದಾಗ ಅವರು ಇಳಿದರು, ತಂಡದ ಇನ್ನೊಬ್ಬರಿಗೆ ದಾರಿ ಬಿಟ್ಟರು.

ಅವರಿಗಿಂತ ನಾಲ್ಕು ಶತಮಾನ ಮೊದಲೇ ಇಂಕಾ ಜನ ಈ ಬೆಟ್ಟದಲ್ಲಿ ಸುಮಾರು 5,300 ಮೀಟರ್‌ವರೆಗೆ ಬಂದಿದ್ದರು. ಅಲ್ಲಿ ಬಲಿ ಕೊಟ್ಟಿದ್ದ ಏಳು ವರ್ಷದ ಆಸುಪಾಸಿನ ಹುಡುಗನ ದೇಹ 1985ರಲ್ಲಿ ಸಿಕ್ಕಿತು. ಬೇಸ್ ಕ್ಯಾಂಪಿನಿಂದ ಮೇಲಕ್ಕೆ ನೋಡುವಾಗ ಆ ಮಗು ಈ ಗಾಳಿಯಲ್ಲಿ ನಡೆದಿತ್ತೋ, ಯಾರಾದರೂ ಹೊತ್ತು ತಂದಿದ್ದರೋ ಎಂಬ ಯೋಚನೆ ಬಂದು ಹೊಟ್ಟೆ ಕಿವುಚುತ್ತದೆ.

ತಮ್ಮನ ಬಿಪಿ ಸರಿಹೋದ ಮೇಲೆ ನಾವು ಸುಮ್ಮನೆ ಕೂತಿಲ್ಲ. ಪಕ್ಕದ ಬೊನೆತೆ ಬೆಟ್ಟ ಹತ್ತಿ ಬಂದೆವು, ಅದು ಸುಮಾರು 5,000 ಮೀಟರ್. ಅಲ್ಲಿಂದ ಎದುರಿಗೆ ನಮ್ಮ ದಾರಿ ಪೂರ್ತಿ ಕಾಣುತ್ತದೆ. ಆಮೇಲೆ ಕನಾಡಾ ಕ್ಯಾಂಪಿಗೆ, ಹೆಚ್ಚುಕಡಿಮೆ ಅದೇ ಎತ್ತರಕ್ಕೆ, ಗ್ಯಾಸ್ ಡಬ್ಬಿ, ಊಟ, ಬೂಟಿಗೆ ಕಟ್ಟುವ ಮುಳ್ಳಿನ ಕ್ರಾಂಪಾನ್ ಹೊತ್ತು ಹೋಗಿ ಕಲ್ಲಿನಡಿ ಕಟ್ಟಿಟ್ಟು ಬಂದೆವು. ಗಂಟೆಗಟ್ಟಲೆ ಕಷ್ಟಪಟ್ಟು ಗಳಿಸಿದ ಎತ್ತರವನ್ನು ಸ್ವಲ್ಪ ಹೊತ್ತಿನಲ್ಲೇ ಬಿಟ್ಟು ಕೆಳಗೆ ಜಾರುತ್ತೇವೆ. ಮೊದಲು ಮನಸ್ಸು ಒಪ್ಪುವುದಿಲ್ಲ. ಆದರೆ ಮೇಲೆ ಹೋಗಿ ದೇಹಕ್ಕೆ ಒಂದು ಸೂಚನೆ ಕೊಟ್ಟು, ಕೆಳಗೆ ಬಂದು ನಿದ್ದೆ ಮಾಡಿದಾಗಲೇ ಅದು ಕೆಲಸ ಶುರು ಮಾಡುವುದು. ಎರಡನೇ ಸಲ ಅದೇ ತಿರುವಿನಲ್ಲಿ ನಿಲ್ಲದೆ ದಾಟಿದಾಗ ನಂಬಿಕೆ ಬರುತ್ತದೆ.

ಇಲ್ಲಿಂದ ಮುಂದೆ ಕನಾಡಾ, ಸುಮಾರು 5,500 ಮೀಟರ್‌ನ ನಿದೊ ದೆ ಕೊಂದೊರೆಸ್, ಆಮೇಲೆ 6,000 ಮೀಟರ್‌ಗೆ ಸ್ವಲ್ಪ ಕೆಳಗಿನ ಕೋಲೆರಾ. ತುದಿಯ ದಿನ ಕತ್ತಲಲ್ಲೇ ಹೊರಡಬೇಕು. ಇಂದಿಪೆಂದೆನ್ಸಿಯಾ ಗುಡಿಸಲಿನ ಅವಶೇಷ ದಾಟಿ, ಗಾಳಿಗೆ ಮೈಯೊಡ್ಡುವ ತ್ರಾವೆಸಿಯಾ ಅಡ್ಡದಾರಿ, ಗುಹೆ, ಕೊನೆಯಲ್ಲಿ ಕನಾಲೆತಾ ಎಂಬ ಸಡಿಲ ಕಲ್ಲಿನ ಏರು. ಪಶ್ಚಿಮದಿಂದ ಹಿಮ ಹೊತ್ತ ಬಿಳಿ ಗಾಳಿ ಎದ್ದರೆ ಮುಂದಿನ ಹೆಜ್ಜೆ ಕಾಣುವುದಿಲ್ಲ. ಎರಡು ಪದರದ ಬೂಟ್, ಪುಕ್ಕ ತುಂಬಿದ ಕೈಗವಸು ಇವೆಲ್ಲ ಆ ಒಂದು ದಿನಕ್ಕೆ.

ನಿನ್ನೆ ತಮ್ಮ, ನಾನು, ಗೈಡ್ ಕೂತು ನೋಟ್‌ಬುಕ್ಕಿನಲ್ಲಿ ಮೂರು ಮಾತು ಬರೆದೆವು. ಮಧ್ಯಾಹ್ನ ಎರಡು ಗಂಟೆಗೆ ಎಲ್ಲಿದ್ದರೂ, ತುದಿ ಎದುರಿಗೇ ಕಾಣುತ್ತಿದ್ದರೂ, ವಾಪಸ್. ಇಬ್ಬರಲ್ಲಿ ಒಬ್ಬರು ತೂರಾಡಿದರೂ ಇಬ್ಬರೂ ಇಳಿಯುವುದು. ಗೈಡ್ ಇಳಿಯಿರಿ ಎಂದರೆ ವಾದ ಇಲ್ಲ.

"ಎರಡನೇದು ಬೇಡ ಅಕ್ಕ. ನಂಗೆ ಏನಾದ್ರೂ ಆದ್ರೆ ನಾನೊಬ್ನೇ ಇಳೀತೀನಿ, ನೀನು ಹೋಗು."

"ತೂರಾಡ್ತಾ ಇರೋನು ಒಬ್ನೇ ಹೇಗೋ ಇಳೀತೀಯ?"

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಸಹಿ ಹಾಕಿದ. ಇದನ್ನೆಲ್ಲ 4,300 ಮೀಟರ್‌ನಲ್ಲಿ, ಹೊಟ್ಟೆ ತುಂಬಿರುವಾಗ ತೀರ್ಮಾನಿಸಬೇಕು. 6,500 ಮೀಟರ್‌ನಲ್ಲಿ ತೀರ್ಮಾನ ಮಾಡಬೇಕಾದ ಮಿದುಳಿಗೇ ಗಾಳಿ ಸಾಕಾಗಿರುವುದಿಲ್ಲ.

ವರದಿ ಪ್ರಕಾರ ಗಾಳಿ ಇನ್ನೆರಡು ದಿನದಲ್ಲಿ ಇಳಿಯಬೇಕು. ನಾಳೆ ಡಾಕ್ಟರ್ ಇಬ್ಬರನ್ನೂ ಮತ್ತೊಮ್ಮೆ ನೋಡುತ್ತಾರೆ. ಸರಿ ಎಂದರೆ ಕನಾಡಾದಲ್ಲಿ ಮಲಗುತ್ತೇವೆ. ಇಲ್ಲವೆಂದರೆ ಇಲ್ಲೇ ಇನ್ನೊಂದು ದಿನ. ನಾವು ರಜೆ ಹಾಕುವಾಗಲೇ ಅದಕ್ಕೆಂದು ದಿನ ಬಿಟ್ಟಿದ್ದೇವೆ.